ಗಟ್ಟಿಯಾಗಿ ಹೇಳಿದ ಅಂಜಿಕೆ

ಸತೀಶಕುಮಾರ ಮಾಸ್ತರರಿಗೆ ಸಾಕುಸಾಕಾಗಿತ್ತು. ದಿನಾ ಹುಮನಾಬಾದಿನಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬಸವಕಲ್ಯಾಣಕ್ಕೆ ಬಂದು ಇಂಗ್ಲಿಷ್ ಮಾತಾಡಲು ಕಲಿಸುವುದೇನು ದೊಡ್ಡದಲ್ಲ. ಕಿವಿ ಕೇಳಿಸದಿರುವುದನ್ನು ಮುಚ್ಚಿಡುವುದಿದೆಯಲ್ಲ, ಅದು ಮನುಷ್ಯನನ್ನು ಹಿಂಡಿಹಾಕುತ್ತದೆ. ಎಡಗಿವಿ ಹೋಗಿ ವರ್ಷವಾಗಿತ್ತು, ಬಲಗಿವಿಯೂ ಅದರ ಹಾದಿ ಹಿಡಿದಿತ್ತು. ಯಾರಿಗಾದರೂ ಗೊತ್ತಾದರೆ ಕೆಲಸ ಹೋದಂತೆಯೇ. ಅದಕ್ಕೇ ಒಂದು ಉಪಾಯ ಹೂಡಿದ್ದರು. ಕ್ಲಾಸಿನಲ್ಲಿ ಉತ್ತರವನ್ನು ಯಾರೂ ಬಾಯಲ್ಲಿ ಹೇಳುವಂತಿಲ್ಲ, ಬೋರ್ಡಿನ ಮೇಲೆ ಬರೆಯಬೇಕು. ‘ಅಕ್ಷರ ದುಂಡಗಾಗತಾವ’ ಎಂಬ ಸಬೂಬು ಬೇರೆ!

ಅವತ್ತು ಕ್ಲಾಸಿನ ಮಾಲೀಕ ಅನೀಲಕುಮಾರ ಪಾಠ ನೋಡಲು ಬಂದ. ಮೇಜಿನ ಹತ್ತಿರ ನಿಂತು, “ಮಾತಾಡೋ ಕ್ಲಾಸಿನ್ಯಾಗ ಬೋರ್ಡ್ ಯಾಕ್ರಿ? ಬಾಯಿಲೆ ಹೇಳಸ್ರಿ,” ಎಂದವನೇ ಬೋರ್ಡು ಒರೆಸಿ ಹಿಂದಿನ ಬೆಂಚಿಗೆ ಹೋಗಿ ಕೂತ. ಮಾಸ್ತರರು ಚಾಕ್‌ಪೀಸನ್ನು ಮೇಜಿನ ಮೇಲಿಟ್ಟರು.

ಅಂದಿನ ಪಾಠವೂ ಅಂಜಿಕೆಯದೇ. ತುಸು ಅಳುಕಿದ್ದರೆ ‘ನರ್ವಸ್’, ಅಂಜಿಕೆಗೆ ‘ಅಫ್ರೇಡ್’ ಇಲ್ಲವೇ ‘ಸ್ಕೇರ್ಡ್’, ಎದೆ ಒಡೆಯುವಂತಿದ್ದರೆ ‘ಟೆರಿಫೈಡ್’. ಇಂಗ್ಲಿಷಿನವರು ಅಂಜಿಕೆಯನ್ನೂ ಅಳೆದು ತೂಗಿ ಹೇಳುತ್ತಾರೆ ನೋಡಿ! ಮಾಸ್ತರರು ಬೆಂಚುಗಳ ನಡುವೆ ನಿಂತು ವಿದ್ಯಾರ್ಥಿಗಳ ತುಟಿಗಳನ್ನೇ ದಿಟ್ಟಿಸಿದರು.

ನರ್ಸ್ ಕೆಲಸಕ್ಕೆ ಓದುತ್ತಿದ್ದ ವಿಶಾಖಾ ಮೊದಲು ಎದ್ದಳು. ಬಾಯಗಲಿಸಿ, ಒಂದೊಂದೇ ಪದ ಬಿಡಿಸಿ, ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಹೇಳಿದಳು: “ಐ ಆಮ್ ಅಫ್ರೇಡ್ ಆಫ್ ಇಂಟರ್‌ವ್ಯೂ!”

ಆಟೋ ಓಡಿಸುವ ಮುಜಾಫರ್ ದವಡೆ ಹಿಡಿದುಕೊಂಡು ಕೂಗಿದ: “ಐ ಆಮ್ ಸ್ಕೇರ್ಡ್ ಆಫ್ ಡೆಂಟಿಸ್ಟ್!”

ಎಲ್ಲರದೂ ಇದೇ ರೀತಿ. ಅನೀಲಕುಮಾರ ಕಿವಿ ಮುಚ್ಚಿಕೊಂಡು ಹಿಂದಿನಿಂದ ಏನೋ ಹೇಳಿ ರೇಗಿದ. ಅದು ಮಾಸ್ತರರಿಗೆ ಕೇಳಲಿಲ್ಲ. ವಿಶಾಖಾ ಉತ್ತರ ಕೊಟ್ಟದ್ದು ಅವನಿಗೆ, ಮುಖ ಮಾತ್ರ ಮಾಸ್ತರರ ಕಡೆಗೇ ಇತ್ತು.

“ಅಂಜಿಕಿ ಮೆಲ್ಲಕ ಹೇಳಿದ್ರ ಒಳಗೇ ಉಳೀತದ್ರಿ. ಅದಕ್ಕ ಗಟ್ಟಿ ಹೇಳಾಕತ್ತೇವಿ.”

ಅಯ್ಯೋ, ಇವರಿಗೆಲ್ಲ ಗೊತ್ತು! ಯಾವಾಗಿನಿಂದಲೋ ಗೊತ್ತು. ಮಾಸ್ತರರಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಕಣ್ಣು ತುಂಬಿ ಬಂತು. ಇನ್ನು ಮುಚ್ಚಿಡುವ ತ್ರಾಣ ಅವರಲ್ಲಿ ಉಳಿದಿರಲಿಲ್ಲ.

“ಐ ಆಮ್ ಟೆರಿಫೈಡ್,” ಎಂದರು. ಆಮೇಲೆ ಇಂಗ್ಲಿಷ್ ಸಾಕೆನಿಸಿ ಹಿಂದಿನ ಬೆಂಚಿನ ಕಡೆ ತಿರುಗಿದರು. “ನನಗ ಕಿವಿ ಕೇಳಂಗಿಲ್ರಿ. ಕೆಲಸ ಹೋದೀತಂತ ಅಂಜಿ ಹೇಳಿದ್ದಿಲ್ಲ.”

ಅನೀಲಕುಮಾರನ ದಪ್ಪ ಮೀಸೆ ಅಲುಗಾಡಿತು. ಏನೆಂದನೋ ತಿಳಿಯಲಿಲ್ಲ.

ವಿಶಾಖಾ ಅವನಿಗೆ ಕೈಮಾಡಿ ಕರೆದಳು. “ಮುಂದ ಬಂದು ಹೇಳ್ರಿ!”

ಅವನು ಎದ್ದು ಮಾಸ್ತರರ ಮುಂದೆ ಬಂದ. ಆಮೇಲೆ ಚಾಕ್‌ಪೀಸ್ ಎತ್ತಿಕೊಂಡು, ತಾನೇ ಒರೆಸಿದ್ದ ಬೋರ್ಡಿನ ಮೇಲೆ ಸೊಟ್ಟಸೊಟ್ಟ ಅಕ್ಷರಗಳಲ್ಲಿ ಬರೆದ: ‘ನಾಳಿಂದ ಬರೆಸಿಯೇ ಕಲಿಸ್ರಿ.’

ಮಾಸ್ತರರು ಎರಡು ಸಲ ಓದಿಕೊಂಡರು. ಕುರ್ಚಿ ಎಳೆದುಕೊಂಡು ಕುಳಿತರು. ಯಾರಾದರೂ ಏನಾದರೂ ಕೇಳಿಯಾರೆಂದು ತುಟಿ ನೋಡಲು ನಿಂತೂ ನಿಂತೂ, ಪಾಠದ ನಡುವೆ ಅವರು ಕುಳಿತು ವರ್ಷವೇ ಆಗಿತ್ತು.