ನಾಲ್ಕನೇ ಓಣಿ

ಹಿಮಾಯತ್‌ನಗರದ ಕಣ್ಣಿನ ಡಾಕ್ಟರು ನನ್ನ ಗಂಡನಿಗೆ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದರು, ಏನು ಕೆಲಸ ಮಾಡುತ್ತೀರಿ ಅಂತ. ಗುಮಾಸ್ತ ಎಂದರು ಇವರು. ಪಕ್ಕದಲ್ಲೇ ಕೂತಿದ್ದ ನಾನು ತುಟಿ ಪಿಟಕ್ಕೆನ್ನಲಿಲ್ಲ. ನನ್ನ ತಪ್ಪು ಶುರುವಾದದ್ದು ಅಲ್ಲಿಂದ.

ಅದು ತೊಂಬತ್ತೆಂಟರ ಶ್ರಾವಣ. ಕಣ್ಣಿನ ನರ ಒಣಗುತ್ತಿದೆ ಎಂದಿದ್ದರು ಡಾಕ್ಟರು. ನೇರಕ್ಕೆ ನೋಡಿದ್ದು ಚೊಕ್ಕ ಕಾಣುತ್ತದೆ, ಅದರ ಕೆಳಗಿನದೆಲ್ಲ ಮಂಜು. ಹೋದ ನೋಟ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಪಾಡಿಕೊಳ್ಳಿ. ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದೂ ಕೊಟ್ಟರು.

ನನ್ನ ಗಂಡ ಕಲ್ಯಾಣಪ್ಪ ಗುಮಾಸ್ತರಲ್ಲ. ರಕ್ಷಣಾ ಖಾತೆಯ ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸುತ್ತಿದ್ದರು. ಶೆಡ್ಡಿನ ಮಾಡಿನ ಕೆಳಗೆ ಹಳಿಯ ಮೇಲೆ ಓಡುವ ಕ್ರೇನು. ಅದರ ಗೂಡಿನಲ್ಲಿ ಕೂತು, ಮೂವತ್ತು ಅಡಿ ಕೆಳಗಿರುವ ಉಕ್ಕಿನ ಗಟ್ಟಿಗಳನ್ನು ಎತ್ತಿ ಇನ್ನೊಂದು ಕಡೆ ಇಳಿಸಬೇಕು. ನೆಲದಲ್ಲಿ ನಿಂತು ಸರಪಳಿ ಸಿಕ್ಕಿಸಿ ಕೈಸನ್ನೆ ಮಾಡುವವನು ಮಲ್ಲಣ್ಣ. ಇಬ್ಬರೂ ಲಿಂಗಸೂಗೂರಿನ ಕಡೆಯವರು, ಒಂದೇ ವರ್ಷ ಕೆಲಸಕ್ಕೆ ಸೇರಿದವರು. ತೆಲುಗಿನ ಗದ್ದಲದಲ್ಲಿ ಇಬ್ಬರೇ ಕನ್ನಡದಲ್ಲಿ ಕೂಗಾಡಿಕೊಂಡು ಹತ್ತೊಂಬತ್ತು ವರ್ಷ ದುಡಿದಿದ್ದರು.

ಮಿಯಾಪುರದ ಮನೆಗೆ ಬಂದ ಮೇಲೆ ಕಾಗದವನ್ನು ಕಾರ್ಖಾನೆಗೆ ಕೊಡಿ ಎಂದೆ. ಇವರು ಊಟದ ತಾಟು ಸರಿಸಿದರು.

"ಇದನ್ನ ಕೊಟ್ಟರ ನನ್ನ ಕೆಳಗ ಇಳಸ್ತಾರ. ಇಳಿಸಿ ಕೈಯಾಗ ಕಸಬರಗಿ ಕೊಡ್ತಾರ."

ಕಾರ್ಖಾನೆಯ ದವಾಖಾನೆಯಲ್ಲಿ ವರ್ಷಕ್ಕೊಮ್ಮೆ ಕಣ್ಣು ನೋಡುತ್ತಿದ್ದರು. ಗೋಡೆಗೆ ತಗುಲಿಸಿದ ಅಕ್ಷರಗಳನ್ನು ನೇರವಾಗಿ ನೋಡಿ ಓದಿದರೆ ಮುಗಿಯಿತು, ಅದರಲ್ಲಿ ಇವರು ಸಲೀಸಾಗಿ ಪಾಸಾಗುತ್ತಿದ್ದರು. ಹಾಗಾಗಿ ವಿಷಯ ಗೊತ್ತಿದ್ದವರು ನಾವಿಬ್ಬರೇ. ನಿಜ ಹೇಳಬೇಕೆಂದರೆ, ಕ್ರೇನ್ ಕಲ್ಯಾಣಪ್ಪನ ಹೆಂಡತಿ ಅನ್ನಿಸಿಕೊಳ್ಳುವುದು ನನಗೂ ಇಷ್ಟವಿತ್ತು. ಕಸಬರಿಗೆ ಕಲ್ಯಾಣಪ್ಪನ ಹೆಂಡತಿಯಾಗಲು ನನಗೂ ಮನಸ್ಸಿರಲಿಲ್ಲ. ಆದರೆ ಹೆದರಿಕೆ ಬಿಡಬೇಕಲ್ಲ. ಕೆಳಗೆ ಮಲ್ಲಣ್ಣ ಇರುತ್ತಾನಲ್ಲ, ಅವನ ಗತಿ ಏನು ಎಂದು ಕೇಳಿದೆ.

"ಶೆಡ್ ಪೂರಾ ನನ್ನ ತಲಿಯಾಗ ಐತಿ, ನೀಲಾ. ಹತ್ತು ಕಂಬ. ಯಾವ ಕಂಬದ ಹತ್ರ ಏನೈತಿ, ಕಣ್ಣ ಮುಚ್ಚಿ ಹೇಳ್ತೀನಿ. ಮಲ್ಲಣ್ಣ ನಾಲ್ಕನೇ ಕಂಬದ ಮಗ್ಗಲಾಗ ನಿಂತಿರತಾನ. ಹತ್ತೊಂಬತ್ತು ವರ್ಷದಾಗ ಒಂದ ಹೆಜ್ಜಿ ಸರದಿಲ್ಲ."

ಬಾಯಿಮಾತು ಸಾಕು, ಮಾಡಿ ತೋರಿಸಿ ಎಂದೆ. ಆಗ ಕಣ್ಣಿಗೆ ಬಿದ್ದದ್ದು ಮಗಳು ವನಜಾಳ ಗೇಮು. ಆರನೇ ಇಯತ್ತೆ ಪಾಸಾದಳೆಂದು ಕೋಠಿಯ ಫುಟ್‌ಪಾತಿನಲ್ಲಿ ಕೊಡಿಸಿದ್ದ, ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ಅದರ ಪರದೆಯ ಮೇಲಿನಿಂದ ಇಟ್ಟಿಗೆಯ ತುಂಡುಗಳು ಒಂದೊಂದಾಗಿ ಬೀಳುತ್ತವೆ: ಚೌಕ, ಡೊಂಕು, ಉದ್ದನೆಯ ಕೋಲು. ತಿರುಗಿಸಿ, ಸರಿಸಿ, ಸಂದಿಲ್ಲದಂತೆ ಕೂರಿಸಬೇಕು. ಅಡ್ಡಸಾಲು ತುಂಬಿದರೆ ಅದು ಮಾಯವಾಗುತ್ತದೆ. ರಾಶಿ ಮೇಲಿನ ತನಕ ಏರಿದರೆ ಆಟ ಮುಗಿಯಿತು. ಆ ವರ್ಷ ಊರಿನ ಮಕ್ಕಳೆಲ್ಲ ಅದನ್ನೇ ಆಡುತ್ತಿದ್ದವು.

ವೈರಿಗೆ ಸುತ್ತುವ ಕಪ್ಪು ಟೇಪು ತಂದು ಪರದೆಯ ಕೆಳಗಿನ ಅರ್ಧಕ್ಕೆ ಅಂಟಿಸಿದೆ. ತುಂಡು ಬರುವುದು ಕಾಣುತ್ತದೆ, ಎಲ್ಲಿ ಕೂತಿತೆಂದು ಕಾಣುವುದಿಲ್ಲ. ಹೀಗೇ ಆಡಿ ಹತ್ತು ಸಾವಿರ ಪಾಯಿಂಟು ಮಾಡಿದರೆ ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ, ಆಗದಿದ್ದರೆ ಕಾಗದ ಕೊಡಬೇಕು ಎಂದೆ. ಇಂಥ ಪರೀಕ್ಷೆ ಹೊಳೆಯಿತಲ್ಲ ಎಂದು ಒಳಗೊಳಗೇ ಹೆಮ್ಮೆ ಬೇರೆ. ಆ ಹೆಮ್ಮೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೊದಲ ದಿನ ಎರಡು ನಿಮಿಷವೂ ಆಟ ನಡೆಯಲಿಲ್ಲ. ಟೇಪಿನೊಳಗೆ ಎಲ್ಲೋ ಸಂದು ಬಿಟ್ಟು, ಅದರ ಮೇಲೆ ಮತ್ತೊಂದು ಹೇರಿ, ಇಟ್ಟಿಗೆಗಳು ಟೇಪು ದಾಟಿ ಮೇಲೆದ್ದು ಬರುತ್ತಿದ್ದವು. ವನಜಾ ಆಡಲು ನೋಡಿ, ಇದು ಆಟವೇ ಅಲ್ಲ ಎಂದು ಸಿಟ್ಟಾಗಿ ಎದ್ದುಹೋದಳು. ಇವರು ಬಿಡಲಿಲ್ಲ. ಚಹಾ ಕುಡಿಯುವಾಗ, ಬಸ್ಸಿಗೆ ಕಾಯುವಾಗ, ಕೊನೆಗೆ ದೇವರ ಮುಂದೆ ಕೂತಾಗಲೂ ಕೈಯಲ್ಲಿ ಅದೇ ಡಬ್ಬಿ. ತುಟಿ ಅಲುಗುತ್ತಿತ್ತು: ಎರಡು ತುಂಬಿತು, ಏಳರಾಗ ತಗ್ಗು ಐತಿ. ಪರದೆಗೆ ಮೇಲಿಂದ ಕೆಳಗೆ ಇಳಿಯುವ ಹತ್ತು ಓಣಿ, ಶೆಡ್ಡಿಗೂ ಹತ್ತು ಕಂಬ. ಒಂದಕ್ಕೊಂದು ಹೊಂದಿಸಿಕೊಂಡಿದ್ದರು. ನಾಲ್ಕನೇ ಓಣಿಯನ್ನು ಮಾತ್ರ ಯಾವಾಗಲೂ ಖಾಲಿ ಬಿಡುತ್ತಿದ್ದರು. ಅದು ಮಲ್ಲಣ್ಣನ ಜಾಗ ಎನ್ನುತ್ತಿದ್ದರು. ಉದ್ದನೆಯ ಕೋಲು ಬಂದಾಗ ಅದನ್ನು ಅಲ್ಲಿಗೆ ಇಳಿಸುವರು. ನಾಲ್ಕು ಸಾಲು ಒಮ್ಮೆಗೇ ಮಾಯವಾಗಿ ಡಬ್ಬಿ ಕಿರ್ರ್ ಎಂದು ಕೂಗುವುದು. ಇವರು ನಗುವರು, ನಾನೂ ನಗುತ್ತಿದ್ದೆ.

ಮೂರನೇ ಭಾನುವಾರ ಮಧ್ಯಾಹ್ನ ನನ್ನೆದುರು ಚಾಪೆಯ ಮೇಲೆ ಕೂತು ಆಡಿದರು. ಟೇಪು ಕೀಳದ ಹಾಗೆ ನಾನು ಅದರ ಅಂಚಿಗೆ ಬೆರಳಿಟ್ಟು ಕಾದೆ. ಮುಕ್ಕಾಲು ತಾಸು. ತುಂಡುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತಿದ್ದವು, ಇವರ ಹಣೆಯ ಬೆವರು ಡಬ್ಬಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಅಂಕಿ ಹತ್ತು ಸಾವಿರ ದಾಟಿತು. ನಾನು ಎದ್ದು ಡಾಕ್ಟರ ಕಾಗದವನ್ನು ಅಕ್ಕಿ ಡಬ್ಬಿಯ ಕೆಳಗಿಟ್ಟು ಹೋಳಿಗೆಗೆ ಬೇಳೆ ಹಾಕಿದೆ.

ದಸರೆಯಲ್ಲಿ ಆಯುಧಪೂಜೆಗೆಂದು ಶೆಡ್ಡು ತೊಳೆದು ಸಾಮಾನು ಅತ್ತಿತ್ತ ಸರಿಸಿದ್ದರಂತೆ. ಹಬ್ಬ ಮುಗಿದು ಕೆಲಸ ಶುರುವಾದ ದಿನ, ಒಡೆದ ಕುಂಬಳಕಾಯಿ, ಬಾಡಿದ ಬಾಳೆಕಂದು ತುಂಬಿದ್ದ ತಳ್ಳುಗಾಡಿಯನ್ನು ಯಾರೋ ನಾಲ್ಕನೇ ಕಂಬಕ್ಕೆ ಆನಿಸಿ ಹೋಗಿದ್ದರು. ನಿಲ್ಲಲು ಜಾಗವಿಲ್ಲದೆ ಮಲ್ಲಣ್ಣ ಐದನೇ ಕಂಬದ ಕಡೆ, ಇವರು ಗಟ್ಟಿ ಇಳಿಸುವ ಜಾಗಕ್ಕೇ, ನಾಲ್ಕು ಹೆಜ್ಜೆ ಸರಿದಿದ್ದ. ನಿಲ್ಲಿಸು ಎಂದು ಎರಡೂ ಕೈ ಎತ್ತಿದ್ದನ್ನು ದೂರದ ಲೇಥಿನವರು ಕಂಡಿದ್ದರು. ಎರಡು ಟನ್ನಿನ ಗಟ್ಟಿ ಅವನ ಮೇಲೇ ಇಳಿಯಿತು. ದವಾಖಾನೆಗೆ ಒಯ್ಯುವಷ್ಟು ಜೀವವೂ ಉಳಿದಿರಲಿಲ್ಲ.

ವಿಚಾರಣೆ ನಡೆಯಿತು. ತನ್ನ ಜಾಗ ಬಿಟ್ಟು ಬಂದಿದ್ದ, ನಾನು ನೋಡಿದೆ, ಅಷ್ಟರಲ್ಲಿ ಕೈಮೀರಿತ್ತು ಎಂದು ಇವರು ಹೇಳಿಕೆ ಕೊಟ್ಟರು. ಸತ್ತವನದೇ ಅಜಾಗ್ರತೆ ಎಂದು ಬರೆದುಕೊಂಡರು. ಅಂದಿನಿಂದ ಮನೆಯಲ್ಲಿ ಇವರು ನನ್ನ ಮುಖ ನೋಡುತ್ತಿರಲಿಲ್ಲ, ನಾನೂ ಇವರ ಮುಖ ನೋಡುತ್ತಿರಲಿಲ್ಲ. ಕಾಗದ ಅಕ್ಕಿ ಡಬ್ಬಿಯ ಕೆಳಗೇ ಇತ್ತು. ಡಬ್ಬಿ ಕದಲಿಸದೆ ಅಕ್ಕಿ ತೆಗೆಯುತ್ತಿದ್ದೆ.

ತಿಂಗಳಾದ ಮೇಲೆ ಮಲ್ಲಣ್ಣನ ಹೆಂಡತಿ ತುಳಸಾಬಾಯಿ ಬಂದಳು. ನೀರು ಕೊಟ್ಟರೆ ಕುಡಿಯಲಿಲ್ಲ. ನಳದ ಹತ್ತಿರ ಹೆಂಗಸರು ಮಲ್ಲಣ್ಣ ಕುಡಿದು ನಿಂತಿದ್ದ ಎಂದು ಆಡಿಕೊಳ್ಳುತ್ತಿದ್ದಾರೆ, ಮಕ್ಕಳು ಶಾಲೆಗೆ ಹೋಗಲು ಒಲ್ಲೆ ಎನ್ನುತ್ತಿದ್ದಾರೆ ಎಂದಳು. ಆಮೇಲೆ ನನ್ನ ಗಂಡನ ಕಡೆ ತಿರುಗಿದಳು.

"ಅಣ್ಣಾರ, ಮ್ಯಾಲಿಂದ ಎಲ್ಲಾ ನೋಡಿದಾವ್ರು ನೀವು. ಅಂವಾ ಖರೇನ ಹಂಗ ನಿಂತಿದ್ನೇನ್ರಿ?"

ಇವರು ಹೂಂ ಎಂದರು. ನಿಧಾನಕ್ಕೆ ಎಂದರು, ಗೋಡೆ ನೋಡುತ್ತ ಎಂದರು. ನನಗೆ ಇನ್ನು ತಡೆಯಲಾಗಲಿಲ್ಲ. ಒಳಗೆ ಹೋಗಿ ಅಕ್ಕಿ ಡಬ್ಬಿ ಎತ್ತಿ ಕಾಗದ ತಂದು ಅವಳ ಮಡಿಲಿಗೆ ಹಾಕಿದೆ.

"ಇವ್ರು ನೋಡಿಲ್ಲ, ತುಳಸಾ. ಇವ್ರಿಗೆ ಕೆಳಗಿಂದು ಕಾಣೂದಿಲ್ಲ."

ಅವಳಿಗೆ ಓದು ಬರುವುದಿಲ್ಲ. ಕಾಗದವನ್ನು ಅಂಗೈಯಿಂದ ಸವರಿ ನೀಟು ಮಾಡಿದಳು. ಇದು ನಿಮಗೆ ಯಾವಾಗಿನಿಂದ ಗೊತ್ತು ಎಂದು ಕೇಳಿದಳು. ಶ್ರಾವಣದಿಂದ ಎಂದೆ. ಗೊತ್ತಿದ್ದೂ ಮೇಲೆ ಹತ್ತಿಸಿದಿರಾ ಎಂದಳು. ಇವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಾನು, ವಿವರಿಸದಿದ್ದರೆ ಪ್ರಾಣ ಹೋಗುತ್ತದೆ ಎನ್ನುವ ಹಾಗೆ, ಗೋಡೆಯ ಗೂಡಿನಲ್ಲಿದ್ದ ಗೇಮು ತಂದು, ಟೇಪು ತೋರಿಸಿ, ಹತ್ತು ಓಣಿ, ಹತ್ತು ಕಂಬ, ಹತ್ತು ಸಾವಿರ ಎಲ್ಲ ಹೇಳಿದೆ. ಗೆದ್ದಿದ್ದರು, ಅದಕ್ಕೇ ಸುಮ್ಮನಾದೆ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಹೇಸಿಗೆಯಾಯಿತು.

ತುಳಸಾಬಾಯಿ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದಳು, ಟೇಪನ್ನು ಉಗುರಿನಿಂದ ಕೆರೆದಳು, ಆಮೇಲೆ ನನ್ನ ಮುಂದೆ ಹಿಡಿದಳು.

"ಅಕ್ಕಾರ, ಇದರಾಗ ನನ್ನ ಗಂಡ ಎಲ್ಲಿದ್ದಾನ್ರಿ?"

ಎಲ್ಲಿ ಎಂದು ನನಗೆ ಗೊತ್ತಿತ್ತು. ಎಡದಿಂದ ನಾಲ್ಕನೇ ಓಣಿ, ಟೇಪಿನ ಕೆಳಗೆ.