ಫೋನಿನಲ್ಲಿ ಕೇಳಿದ ಊರುಗಳು

ಲಾರಿ ಡ್ರೈವರನ ಹೆಂಡತಿಗೆ ದೇಶವೆಲ್ಲ ಕಿವಿಯಿಂದಲೇ ಪರಿಚಯ. ಮದುವೆಯಾಗಿ ಬಂದ ಮೇಲೆ ಅವಳು ಸಮುದ್ರದ ಪಕ್ಕದ ಆ ಊರು ಬಿಟ್ಟು ಹೊರಗೆ ಹೋದವಳಲ್ಲ. ಬೆಳಗಾದರೆ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವಳು. ಗಂಡ ತಿಂಗಳಲ್ಲಿ ಮೂರು ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಪಕ್ಕದ ಮನೆಯವರು ಅವನಿಗೆ 'ಅತಿಥಿ' ಎಂದೇ ಹೆಸರಿಟ್ಟಿದ್ದರು. "ಏನಮ್ಮಾ, ಅತಿಥಿ ಬಂದ ಹಾಗಿದೆ?" ಎಂದು ಕೇಳಿದರೆ ಅವಳೂ ನಕ್ಕುಬಿಡುತ್ತಿದ್ದಳು.

ಆದರೆ ಹೊತ್ತು ಮುಳುಗುವಾಗ ಫೋನ್ ಬರುವುದು ತಪ್ಪುತ್ತಿರಲಿಲ್ಲ.

"ಎಲ್ಲಿದ್ದೀರಿ?"

"ಕಪ್ಪು ಮಣ್ಣಿನ ಬಯಲಲ್ಲಿದ್ದೀನಿ ಕಣೇ. ಎತ್ತ ನೋಡಿದ್ರೂ ಹತ್ತಿ. ಹೆಸರಿಗೊಂದು ಮರ ಇಲ್ಲ. ಮರೆಯಾಗೋಕೆ ಜಾಗ ಸಿಗದೆ ಸೂರ್ಯ ಅಲ್ಲೇ ಒದ್ದಾಡ್ತಿದ್ದಾನೆ."

ಎರಡು ದಿನ ಕಳೆದರೆ ಮರಳುಗಾಡಿನ ಅಂಚಿನ ಊರು. "ಇಲ್ಲಿ ಬಟ್ಟೆ ಹಿಂಡಿ ಹರಡೋದ್ರೊಳಗೆ ಒಣಗಿರುತ್ತೆ. ಹಗಲು ಬಾಣಲೆ, ಕತ್ತಲಾದ್ರೆ ಫ್ರಿಜ್ಜು." ಆಮೇಲೆ ಕಾರ್ಖಾನೆಗಳ ಮಹಾನಗರ. ಅದನ್ನು ದಾಟಿದರೆ ಬೆಟ್ಟದ ದಾರಿ. ಅಲ್ಲಿಂದ ಮಾತಾಡುವಾಗ ಮಾತ್ರ ಅವನ ದನಿ ತಗ್ಗುತ್ತಿತ್ತು. "ಹಿಮ ಬೀಳ್ತಿದೆ. ಸದ್ದೇ ಇಲ್ಲ ಕಣೇ. ಮಲಗಿರೋ ಮಗುವಿಗೆ ಯಾರೋ ಮೆಲ್ಲಗೆ ಹೊದಿಸ್ತಿರೋ ಹಾಗೆ. ಜೋರಾಗಿ ಮಾತಾಡೋಕೇ ಸಂಕೋಚ ಆಗುತ್ತೆ."

ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಗುಂಡಿ ಹಾಕುತ್ತಿರುತ್ತಿದ್ದಳು. ಬೆನ್ನೆಲ್ಲ ಬೆವರಾಗಿದ್ದರೂ ಮೈ ಜುಮ್ಮೆನ್ನುತ್ತಿತ್ತು.

"ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗಿ."

"ಮಗಳು ಸ್ವಲ್ಪ ದೊಡ್ಡವಳಾಗ್ಲಿ" ಎನ್ನುತ್ತಿದ್ದ. ಆಮೇಲೆ "ಅವಳ ಪರೀಕ್ಷೆ ಮುಗೀಲಿ" ಎಂದಾಯಿತು. ಆಮೇಲೆ "ಮದುವೆಯೊಂದು ಆಗಿಹೋಗ್ಲಿ." ಮಗಳ ಮದುವೆ ಆಗುವ ಹೊತ್ತಿಗೆ ಅವನ ಕಣ್ಣು ಕೈಕೊಟ್ಟಿತು.

ಎದುರಿನದು ಕಾಣುತ್ತಿತ್ತು, ಅಕ್ಕಪಕ್ಕದ್ದು ಇಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ. ಕಣ್ಣಿನ ಡಾಕ್ಟರು ನರ ಸೋತಿದೆ ಎಂದರು. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ತಪ್ಪದೆ ಔಷಧಿಯ ಹನಿ ಹಾಕಿಕೊಳ್ಳಿ ಎಂದರು. ಅವನು ಲಾರಿಯ ಕೀ ಕೊಟ್ಟು, ಕಂಬಳಿ, ಪುಟ್ಟ ಸ್ಟೌವು, ಬಟ್ಟೆಯ ಚೀಲ ಇಳಿಸಿಕೊಂಡು ಮನೆಗೆ ಬಂದ.

ಮೊದಲ ಕೆಲವು ದಿನ ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅತಿಥಿ ಕೊನೆಗೂ ಮನೆಯವನಾಗಿದ್ದ. ಆದರೆ ಅವನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರೆ ಕೂತೇ ಇರುತ್ತಿದ್ದ. ಕೇಳಿದ್ದಕ್ಕೆಲ್ಲ "ಹೂಂ."

"ಆ ಮರಳುಗಾಡಿನ ಊರಲ್ಲಿ ಈಗ ಹೇಗಿರುತ್ತೆ ರೀ?"

"ಹೇಗಿರುತ್ತೆ, ಬಿಸಿಲು."

ಅಷ್ಟೇ. ಸಂಜೆಯಾದರೆ ಅವಳ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಯಾರಿಗಾಗಿ ಜೀವ ಹಂಬಲಿಸುತ್ತಿತ್ತೋ ಅವನು ಎದುರಿಗೇ ಕೂತು ಚಹಾ ಕುಡಿಯುತ್ತಿದ್ದ. ಮನೆಗೆ ಬಂದ ಮಗಳ ಹತ್ತಿರ ಒಮ್ಮೆ ಬಾಯಿಬಿಟ್ಟಳು. "ನಿಮ್ಮಪ್ಪ ಇಲ್ಲೇ ಇದ್ದಾರೆ, ಆದ್ರೂ ತುಂಬಾ ನೆನಪಾಗ್ತಾರೆ ಕಣೇ." ಮಗಳು ಅಮ್ಮನ ಮುಖವನ್ನೇ ನೋಡಿದಳು. "ಜ್ವರಗಿರ ಬಂದಿಲ್ಲ ತಾನೇ?" ಎಂದು ಹಣೆ ಮುಟ್ಟಿದಳು.

ಒಂದು ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋದವಳು ಅಲ್ಲಿಂದಲೇ ಕೆಳಗಿದ್ದ ಗಂಡನಿಗೆ ಫೋನ್ ಮಾಡಿದಳು. ಯಾಕೆ ಮಾಡಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

"ಹಲೋ" ಎಂದ.

"ಎಲ್ಲಿದ್ದೀರಿ?"

ಅವನು ಕೆಮ್ಮಿದ್ದು ಫೋನಿನಲ್ಲೂ ಕೇಳಿತು, ಮೆಟ್ಟಿಲ ಕಡೆಯಿಂದಲೂ ಕೇಳಿತು. ಹುಚ್ಚು ಹಿಡೀತಾ ನಿನಗೆ ಎನ್ನುತ್ತಾನೆ ಎಂದುಕೊಂಡಳು.

"ಬೆಟ್ಟ ಇಳೀತಿದ್ದೀನಿ ಕಣೇ" ಎಂದ ಅವನು. "ಮಂಜು ಕವಿದಿದೆ. ಮುಂದಿನ ಗಾಡಿಯ ಕೆಂಪು ದೀಪ ಒಂದೇ ಕಾಣ್ತಿರೋದು."

ಅದೇ ಹಳೆಯ ದನಿ. ಅವಳು ಬಟ್ಟೆಯನ್ನು ಮಡಿಲಲ್ಲಿ ಹಾಕಿಕೊಂಡು ನೀರಿನ ತೊಟ್ಟಿಗೆ ಒರಗಿ ಕೂತಳು. ಹಿಂದೆಂದೂ ಹೇಳದ್ದನ್ನೂ ಅವನು ಅವತ್ತು ಹೇಳಿದ. ಇಳಿಜಾರಿನಲ್ಲಿ ಬ್ರೇಕ್ ಕಾದು ಹೊಗೆ ಬಂದದ್ದು, ಗಾಡಿ ಪಕ್ಕಕ್ಕೆ ನಿಲ್ಲಿಸಿ ಏನೂ ಆಗದವನ ಹಾಗೆ ಅವಳಿಗೆ ಫೋನ್ ಮಾಡಿದ್ದು.

"ಎದುರಿಗಿದ್ದಾಗ ಯಾಕೆ ಹೀಗೆ ಮಾತಾಡಲ್ಲ ನೀವು?"

"ಗೊತ್ತಿಲ್ಲ ಕಣೇ. ರಸ್ತೆ ಇದ್ರೆ ಮಾತು ಬರ್ತಿತ್ತು. ಇಲ್ಲಿ ನಿನಗೆ ಗೊತ್ತಿಲ್ಲದ್ದು ಏನಿದೆ ನಾನು ಹೇಳೋಕೆ?"

ಅವಳು ಕೆಳಗಿಳಿದು ಬಂದು ನೇರವಾಗಿ ಹೇಳಿದಳು. "ಆ ರಸ್ತೆಗೇ ಹೋಗೋಣ. ರೈಲಿನಲ್ಲಿ, ಬಸ್ಸಿನಲ್ಲಿ."

"ಬೇರೆಯವರು ಓಡಿಸೋ ಗಾಡೀಲಿ ಪಕ್ಕದಲ್ಲಿ ಕೂತ್ಕೊಂಡು ಹೋಗೋದಾ? ಅದಕ್ಕಿಂತ ಮನೇಲಿರೋದೇ ವಾಸಿ."

"ನಾನು ಇಷ್ಟು ವರ್ಷ ಪಕ್ಕದಲ್ಲೂ ಕೂರಲಿಲ್ಲವಲ್ಲ."

ಅವನು ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಮತ್ತೆ ಬೇಡ ಎನ್ನಲಿಲ್ಲ.

ಶಾಲೆಗಳ ಹೊಲಿಗೆ ಮುಗಿದು, ಮಳೆಗಾಲ ಕಳೆದ ಮೇಲೆ ಹೊರಟರು. ರೈಲಿನಲ್ಲಿ ಕಿಟಕಿ ಪಕ್ಕದ ಜಾಗ ಅವಳದ್ದು. ಮಾರನೆಯ ಬೆಳಿಗ್ಗೆ ಕಪ್ಪು ಮಣ್ಣಿನ ಬಯಲು ಬಂತು. ಓಡುವ ರೈಲಿನಿಂದ ಅವನ ಕಣ್ಣಿಗೆ ಏನೂ ನಿಲ್ಲುತ್ತಿರಲಿಲ್ಲ.

"ಹತ್ತಿ ಬಿಡಿಸೋ ಹಾಗಾಗಿದೆಯಾ?" ಎಂದು ಕೇಳಿದ.

"ಆಗಿದೆ."

"ಹೇಗಿದೆ?"

"ಬೆಳ್ಳಗಿದೆ."

"ಹತ್ತಿ ಬೆಳ್ಳಗೇ ಇರುತ್ತೆ ಕಣೇ."

ಎದುರು ಸೀಟಿನವರು ನಕ್ಕರು. ಅವಳಿಗೆ ರೇಗಿತು. ಮೂಗನ್ನು ಕಿಟಕಿಯ ಸರಳಿಗೆ ತಾಗಿಸಿ ನೋಡಿದಳು. "ಕಪ್ಪು ಬಟ್ಟೆ ಹೊಲಿದು ಎದ್ದ ಮೇಲೆ ಬಿಳಿ ದಾರದ ಚೂರು ಅಂಟ್ಕೊಂಡಿರುತ್ತಲ್ಲ, ಹಾಗಿದೆ. ಎಷ್ಟು ಕೊಡವಿದ್ರೂ ಹೋಗದ ಹಾಗೆ."

ಅವನು ಕಣ್ಣು ಮುಚ್ಚಿ, ಅದನ್ನೇ ನೋಡುತ್ತಿರುವವನಂತೆ ತಲೆಯಾಡಿಸಿದ. ಅಲ್ಲಿಂದ ಮುಂದೆ ಅವಳ ಬಾಯಿಗೆ ಬಿಡುವು ಕೊಡಲಿಲ್ಲ.

ಮರಳುಗಾಡಿನ ಸ್ಟೇಷನ್ನಿನಲ್ಲಿ ಅವಳು ಕರವಸ್ತ್ರ ಒದ್ದೆಮಾಡಿ ಕಿಟಕಿಗೆ ಹಿಡಿದು ಪರೀಕ್ಷೆ ಮಾಡಿದಳು. ಅವನು ಹೇಳಿದ್ದು ನಿಜವೇ, ರಟ್ಟಿನ ಹಾಗೆ ಸೆಟೆದು ನಿಂತಿತು. ಅವಳ ತುಟಿಯೂ ಒಡೆದು ರಕ್ತ ಬಂತು. ಮಹಾನಗರದಲ್ಲಿ ಇಳಿದು ಇನ್ನೊಂದು ಸ್ಟೇಷನ್ನಿಗೆ ಹೋಗಿ ರೈಲು ಬದಲಿಸಬೇಕಿತ್ತು. ಜನ ನುಗ್ಗುತ್ತಿದ್ದರು. ಪಕ್ಕದಿಂದ ಬಂದ ಯಾರೋ ತಾಗಿ ಅವನು ಮುಗ್ಗರಿಸಿದ. ಈ ಊರಿನ ಸಂದಿಗೊಂದಿಗಳಲ್ಲಿ ಅಷ್ಟು ದೊಡ್ಡ ಲಾರಿ ತೂರಿಸಿದವನು ಕಂಬವೊಂದನ್ನು ಹಿಡಿದು ನಿಂತುಬಿಟ್ಟ.

"ಹೊರಗೆ ಹೋಗೋ ಬಾಗಿಲು ಎಡಕ್ಕಿತ್ತು" ಎಂದ. "ಎಡಕ್ಕೇ ಇತ್ತು."

"ಇದೆ, ಬನ್ನಿ." ಬಾಗಿಲು ಬಲಕ್ಕಿತ್ತು. ಅವಳು ತೋಳಿಗೆ ತೋಳು ಸೇರಿಸಿ ಸುತ್ತಿಸಿಕೊಂಡು ಕರೆದೊಯ್ದಳು.

ಬಸ್ಸು ಬೆಟ್ಟ ಹತ್ತಿ ಕೊನೆಯ ಊರಿನಲ್ಲಿ ಇಳಿಸಿತು. ಲಾರಿಯವರು ತಂಗುವ ಪುಟ್ಟ ಹೋಟೆಲು. ಅದರ ಒಡತಿ ಅವನ ದನಿ ಕೇಳಿದ್ದೇ ಒಳಗಿನಿಂದ ಬಂದಳು. "ಫೋನಣ್ಣ! ಎಲ್ಲಿ ಮಾಯವಾಗಿದ್ರಿ?" ಆಮೇಲೆ ಅವನ ಹೆಂಡತಿಯ ಕಡೆ ತಿರುಗಿ, "ಓ, ಫೋನಿನ ಆ ಕಡೆಯವರು ನೀವೇನಾ? ಊಟ ಆರಿ ತಣ್ಣಗಾದ್ರೂ ಸರಿ, ನಿಮ್ಮ ಹತ್ರ ಮಾತಾಡದೆ ತುತ್ತು ಎತ್ತಿದವರಲ್ಲ" ಎಂದಳು. ಅವನು ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ.

ಬೆಳಿಗ್ಗೆ ಹಿಮ ಬೀಳುತ್ತಿತ್ತು. ಒಡತಿ ಕೊಟ್ಟ ದಪ್ಪ ಶಾಲು ಹೊದ್ದು ಅವಳು ಬಾಗಿಲಿಗೆ ಬಂದಳು. ಅವನು ಹಿಂದೆ ಬಂದು ನಿಂತ.

"ಹೇಳು."

ಅವಳು ನೋಡಿದಳು. ಕಾಲ್ಬೆರಳು ಮರಗಟ್ಟುತ್ತಿತ್ತು. ರಸ್ತೆಯಲ್ಲಿ ಬಿದ್ದದ್ದು ಗಾಡಿಗಳ ಚಕ್ರಕ್ಕೆ ಸಿಕ್ಕಿ ಕೆಸರಾಗಿತ್ತು. ಎಲ್ಲೋ ನಾಯಿ ಬೊಗಳುತ್ತಿತ್ತು. ಇಷ್ಟು ವರ್ಷ ಆಸೆಪಟ್ಟದ್ದು ಕಣ್ಣ ಮುಂದೆಯೇ ಇತ್ತು, ಆದರೂ ಎದೆಯೊಳಗಿನ ಹಂಬಲ ತಣಿಯಲಿಲ್ಲ.

"ನೀವು ಹೇಳ್ತಿದ್ದ ಹಿಮ ಇದಕ್ಕಿಂತ ಚೆನ್ನಾಗಿತ್ತು ರೀ."

ಅವನು ನಕ್ಕ. ನಗು ಕೆಮ್ಮಾಗಿ ಗೋಡೆ ಹಿಡಿದುಕೊಂಡ. "ನನಗೂ ಅಷ್ಟೇ. ಇಲ್ಲಿ ನಡುಗುತ್ತಾ ನಿಂತಾಗ ನಮ್ಮ ಊರಿನ ಸೆಕೆ ಎಷ್ಟು ಚೆನ್ನಾಗಿ ಕಾಣ್ತಿತ್ತು ಗೊತ್ತಾ? ದಿನಾ ಕೇಳ್ತಿದ್ದೆನಲ್ಲ, ಇವತ್ತು ಅಲ್ಲಿ ಹೇಗಿದೆ ಅಂತ. ನೀನು ಒಂದು ದಿನವಾದ್ರೂ ಸರಿಯಾಗಿ ಹೇಳಿದ್ದೀಯಾ? 'ಎಂದಿನ ಹಾಗೇ' ಅಂದುಬಿಡ್ತಿದ್ದೆ. ನಾನು ಆ 'ಎಂದಿನ ಹಾಗೇ'ನ ಇಟ್ಕೊಂಡು ರಾತ್ರಿಯೆಲ್ಲ ಗಾಡಿ ಓಡಿಸ್ತಿದ್ದೆ."

ಅವನು ಕೇಳುತ್ತಿದ್ದದ್ದು ಬರೀ ಮಾತಿಗೆ ಎಂದು ಅವಳು ಅಂದುಕೊಂಡಿದ್ದಳು. ತಾನು ಬೇಸತ್ತ ಆ ಊರಿಗಾಗಿ ಇಷ್ಟು ದೂರದಲ್ಲಿ ಒಬ್ಬ ಕಾತರಿಸುತ್ತಾನೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

"ಕೂತ್ಕೊಳ್ಳಿ" ಎಂದಳು. ಇಬ್ಬರೂ ಬೆಂಚಿನ ಮೇಲೆ ಕೂತರು. ಅವಳು ಶಾಲಿನ ಅರ್ಧವನ್ನು ಅವನ ಮೇಲೆ ಎಳೆದಳು.

"ಮಧ್ಯಾಹ್ನ ನೀರು ಹಾಕಿ ನೆಲ ಒರೆಸ್ತೀನಲ್ಲ" ಎಂದು ಶುರುಮಾಡಿದಳು. "ಆಗ ಕಿಟಕಿಯಿಂದ ಬಂದ ಬಿಸಿಲು ನೆಲದ ನೀರಿಗೆ ತಾಗಿ ಮೇಲೆ ಚಾವಣಿಯಲ್ಲಿ ಅಲೆ ಅಲೆಯಾಗಿ ಆಡುತ್ತೆ. ಪಕ್ಕದ ಮನೆಯಾಕೆಯ ಗೊರಕೆ ಕೇಳುತ್ತೆ. ಎದುರು ಮನೆಯ ಬೆಕ್ಕು..."

"ಕಂದು ಬಣ್ಣದ್ದಾ?"

"ಬೂದು ಬಣ್ಣದ್ದು. ನಡುವೆ ಬಾಯಿ ಹಾಕಬೇಡಿ, ಹೇಳ್ತೀನಿ" ಎಂದಳು. ಹಿಮ ಬೀಳುತ್ತಲೇ ಇತ್ತು.