ಎಲ್ಲರೂ ಉಸಿರು ತೆಗೆದುಕೊಳ್ಳುವ ಜಾಗ

ಗಂಜಿ ಹಾಕಿದ ಹತ್ತಿಬಟ್ಟೆಗೆ ಕಾದ ಇಸ್ತ್ರಿ ತಾಗಿದ ಕೂಡಲೇ ಆ ವಾಸನೆ ಎದ್ದಿತು. ಮಗಳ ಕೈ ಅರೆಗಳಿಗೆ ನಿಂತಿತು. ಚಿಕ್ಕಂದಿನಲ್ಲಿ ಶಾಲೆ ಬಿಟ್ಟ ಮೇಲೆ ಆಸ್ಪತ್ರೆಯ ಲಾಂಡ್ರಿಯ ಹಿಂಬಾಗಿಲಲ್ಲಿ ಅಮ್ಮನಿಗಾಗಿ ಕಾಯುವಾಗ ಮೂಗಿಗೆ ಬಡಿಯುತ್ತಿದ್ದುದು ಇದೇ: ಒದ್ದೆ ಬಟ್ಟೆ, ಹಬೆ, ಚೂರೇ ಚೂರು ಸುಟ್ಟ ಗಂಜಿ. ಮೂವತ್ತೊಂದು ವರ್ಷ ಊರಿನ ರೋಗಿಗಳ ಹಾಸಿಗೆಬಟ್ಟೆ ಇಸ್ತ್ರಿ ಮಾಡಿದ ಅಮ್ಮನಿಗೆ ಕೊನೆಯದಾಗಿ ತೊಡಿಸಬೇಕಿದ್ದ ಕಾಲರಿನ ರವಿಕೆಯನ್ನು ಈಗ ಅವಳು ಇಸ್ತ್ರಿ ಮಾಡುತ್ತಿದ್ದಳು.

"ಕಾಲರ್ ಮೊದಲು ಮಾಡ್ಬೇಕಿತ್ತು," ಎಂದಳು ಚಿಕ್ಕಮ್ಮ, ಬಾಗಿಲಲ್ಲಿ ನಿಂತು. "ನಿಮ್ಮಮ್ಮ ನೋಡಿದ್ರೆ ಎದ್ದು ಬಂದು ಕಿತ್ಕೊಳ್ತಿದ್ಲು."

"ಚಿಕ್ಕಮ್ಮ, ನಾನು ಏನು ಹೇಳ್ಲಿ?"

ಹನ್ನೊಂದಕ್ಕೆ ಅಮ್ಮನನ್ನು ಹೊತ್ತು ಹೊರಡುವ ಮುಂಚೆ ಮನೆಯವರೊಬ್ಬರು ನಾಲ್ಕು ಮಾತು ಆಡಬೇಕಿತ್ತು. ಇದ್ದವಳು ಒಬ್ಬಳೇ ಮಗಳು. ಬೆಳಗಿನಿಂದ ಕಾಗದ ಹಿಡಿದು ಕೂತರೂ ಹುಟ್ಟಿದ ವರ್ಷ, ಲಾಂಡ್ರಿಯ ವರ್ಷಗಳು ಬಿಟ್ಟರೆ ಏನೂ ಬಂದಿರಲಿಲ್ಲ.

"ಯಾರ ತಂಟೆಗೂ ಹೋದವಳಲ್ಲ ಅನ್ನು."

"ಅದನ್ನ ನಿಮ್ಮನೆ ಬೆಕ್ಕಿನ ಬಗ್ಗೇನೂ ಹೇಳ್ಬಹುದು."

"ನಮ್ಮನೆ ಬೆಕ್ಕಿನ ಬಗ್ಗೆ ಹೇಳೋಕಾಗಲ್ಲ. ಪಕ್ಕದ ಮನೆಯವರು ಒಪ್ಪಲ್ಲ."

ಇಬ್ಬರೂ ನಕ್ಕರು. ನಕ್ಕ ಮೇಲೆ ಮಗಳ ಕಣ್ಣು ತುಂಬಿತು. "ಬಂದವರೆಲ್ಲ ಪಾಪ, ಒಳ್ಳೆಯವಳು ಅಂತಾರೆ. ಬರೀ ಒಳ್ಳೆಯವಳು ಅಂದ್ರೆ ಯಾರೂ ಸರಿಯಾಗಿ ನೋಡೇ ಇಲ್ಲ ಅಂತ ಅಲ್ವಾ? ಅಮ್ಮ ಇದನ್ನ ಮಾಡಿದ್ಲು ಅಂತ ಹೇಳೋಕೆ ಒಂದೇ ಒಂದು ವಿಷಯ ಸಾಕು ನಂಗೆ."

ಚಿಕ್ಕಮ್ಮ ಇಸ್ತ್ರಿಯನ್ನು ಅವಳ ಕೈಯಿಂದ ತೆಗೆದುಕೊಂಡು ಕಾಲರನ್ನು ತಿದ್ದಿದಳು.

*

ಅಮ್ಮನಿಗೆ ಆಗ ಹನ್ನೆರಡು ವರ್ಷ. ಶಾಲೆಯ ಹಾಡಿನ ತಂಡದಲ್ಲಿ ಎರಡನೇ ಸಾಲಿನವಳು. ಅವಳ ಮುಂದೆಯೇ ನಿಲ್ಲುತ್ತಿದ್ದವಳನ್ನು ಇಡೀ ಶಾಲೆ ಕೋಗಿಲೆ ಎನ್ನುತ್ತಿತ್ತು.

ಹಾಡಿನ ಕೊನೆಗೆ ಒಂದು ಉದ್ದನೆಯ ಸ್ವರ. ಅರ್ಧ ದಾರಿಗೇ ಎಲ್ಲರ ಉಸಿರೂ ಮುಗಿದು, ಎಲ್ಲರೂ ಒಟ್ಟಿಗೆ ಎಳೆದುಕೊಂಡು, ಹಾಡಿಗೆ ತೂತು ಬೀಳುತ್ತಿತ್ತು. ಸಂಗೀತದ ಟೀಚರ್ ಕೋಣೆಯ ಹಿಂಬದಿಗೆ ಹೋಗಿ ಕಣ್ಣು ಮುಚ್ಚಿ, ಒಬ್ಬೊಬ್ಬರಿಂದಲೇ ಹಾಡಿಸಿ ಕೇಳಿದರು. ಕೊನೆಗೆ ಅವಳ ಮುಂದೆ ಬಂದು ನಿಂತರು.

"ನೀನು ಸ್ವಲ್ಪ ಮುಂಚೆಯೇ ಉಸಿರು ತುಂಬ್ಕೋ. ಇವರೆಲ್ಲ ತಗೊಳ್ಳುವಾಗ ನೀನು ಸ್ವರ ಬಿಡಬೇಡ. ಇವರು ಬಂದು ಸೇರಿದ ಮೇಲೆ ನೀನು ತಗೋ."

"ಜೋರಾಗಿ ಹಾಡ್ಲಾ, ಟೀಚರ್?"

"ನಿನ್ನ ದನಿ ಬೇರೆಯಾಗಿ ಕೇಳಿಸಿದ್ರೂ ತಪ್ಪು. ಹಾಡು ನಿಂತ್ರೂ ತಪ್ಪು."

ವಾರ್ಷಿಕೋತ್ಸವದ ಸಂಜೆ ಚಪ್ಪಾಳೆ ಬಹಳ ಹೊತ್ತು ಬಿತ್ತು. ಮನೆಗೆ ನಡೆಯುವಾಗ ಅವಳ ಅಪ್ಪ ಕೇಳಿದ, "ಅದರಲ್ಲಿ ನೀನು ಹಾಡಿದ್ದು ಯಾವುದು ಪುಟ್ಟಿ?"

"ಎಲ್ಲರೂ ಉಸಿರು ತಗೊಂಡ್ರಲ್ಲ, ಆ ಜಾಗ."

ಅಪ್ಪ ಬೀದಿಯ ತಿರುವಿನ ತನಕ ಯೋಚಿಸಿದ. "ಉಸಿರು ತಗೊಂಡಿದ್ದು ನಂಗೆ ಗೊತ್ತೇ ಆಗ್ಲಿಲ್ವಲ್ಲ."

"ಅದೇ ನಾನು," ಎಂದಳು ಹುಡುಗಿ.

*

ಹತ್ತೂವರೆಗೆ ಹಳೆಯ ತಂಡದ ನಾಲ್ವರು ಬಂದರು. ಶಾಲೆ ಮುಗಿದು ಐವತ್ತು ವರ್ಷವಾದರೂ, ಯಾರದೋ ಮದುವೆಗೆ, ಯಾರದೋ ನಿವೃತ್ತಿಗೆ ಅಮ್ಮನೊಂದಿಗೆ ಸೇರಿ ಹಾಡುತ್ತಿದ್ದವರು. ಮಗಳು ಅದನ್ನು ಎಷ್ಟೋ ಸಲ ಕೇಳಿದ್ದಳು. ಆದರೆ ಅದರಲ್ಲಿ ಅಮ್ಮನ ದನಿ ಯಾವುದೆಂದು ಅವಳಿಗೆ ಯಾವತ್ತೂ ತಿಳಿದಿರಲಿಲ್ಲ.

ಕೋಗಿಲೆ ಮಂಡಿನೋವಿಗೆ ಕಾಲೆಳೆಯುತ್ತ ಬಂದಳು. ತಂಡದ ಇನ್ನೊಬ್ಬಳು, ಬೇಕರಿಯಾಕೆ, ತನಗೆ ಕೊಟ್ಟ ಕುರ್ಚಿಯನ್ನು ಗೋಡೆಗೊರಗಿ ನಿಂತಿದ್ದ, ಅಮ್ಮನ ಜೊತೆ ಲಾಂಡ್ರಿಯಲ್ಲಿ ದುಡಿದಿದ್ದ ಮುದುಕನ ಕಡೆ ಸದ್ದಿಲ್ಲದೆ ಸರಿಸಿದಳು.

"ಹಾಡ್ಬೇಕು ಅಂತಿದೀವಿ ಮಗಳೇ," ಎಂದಳು ಕೋಗಿಲೆ. "ನಂದು ಈಗ ಕೋಗಿಲೆ ದನಿಯಲ್ಲ, ಕಾಗೆ ದನಿ. ಸಹಿಸ್ಕೋ."

"ಕೋಗಿಲೆ ಆಗಿದ್ದಾದ್ರೂ ಯಾವಾಗ," ಎಂದು ಬೇಕರಿಯಾಕೆ ಗೊಣಗಿದಳು.

ನಾಲ್ವರೂ ಮಲಗಿಸಿದ್ದ ಅಮ್ಮನ ಪಕ್ಕ ನಿಂತರು. ನಡುಗುತ್ತಿದ್ದ ದನಿಗಳು ಹಾಡಿನ ಎರಡನೇ ಸಾಲಿನ ಹೊತ್ತಿಗೆ ಒಂದಕ್ಕೊಂದು ಒರಗಿಕೊಂಡು ನಿಂತವು. ಕೊನೆಯ ಉದ್ದನೆಯ ಸ್ವರ ಬಂತು. ಅರ್ಧ ದಾರಿಯಲ್ಲಿ ಅಭ್ಯಾಸದಂತೆ ನಾಲ್ವರೂ ಒಟ್ಟಿಗೇ ಉಸಿರು ತೆಗೆದುಕೊಂಡರು.

ಹಾಡು ನಿಂತಿತು. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ನಾಲ್ವರೂ ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನಾಯ್ತು ದೊಡ್ಡಮ್ಮ, ಮರೆತುಹೋಯ್ತಾ?" ಎಂದು ಮಗಳು ಕೋಗಿಲೆಯನ್ನು ಕೇಳಿದಳು.

"ಇಲ್ಲ ಕಣಮ್ಮ." ಕೋಗಿಲೆ ತನ್ನ ಬೆನ್ನ ಹಿಂದೆ ಕೈ ತೋರಿಸಿದಳು. "ಇಲ್ಲಿ ನಿಮ್ಮಮ್ಮ ಇರ್ತಿದ್ಲು. ನಾವು ಉಸಿರು ತಗೊಳ್ಳೋ ತನಕ ಹಾಡನ್ನ ಅವಳೇ ಹಿಡ್ಕೊಂಡಿರ್ತಿದ್ಲು. ಚಪ್ಪಾಳೆ ನಂಗೆ ಬೀಳ್ತಿತ್ತು. ಇಷ್ಟು ವರ್ಷದಲ್ಲಿ ಒಂದ್ಸಲಾನೂ ಹಿಂದೆ ತಿರುಗಿ ನೋಡಿಲ್ಲ ನಾನು. ನೋಡೋ ಹಾಗೆ ಅವಳು ಯಾವತ್ತೂ ಮಾಡ್ಲಿಲ್ಲ."

ಹೊತ್ತಾಯಿತೆಂದು ಚಿಕ್ಕಮ್ಮ ಸನ್ನೆ ಮಾಡಿದಳು. ಮಗಳು ಕಾಗದ ಹಿಡಿದು ಎದ್ದಳು. ಹುಟ್ಟಿದ ವರ್ಷ ಓದಿದಳು, ಲಾಂಡ್ರಿಯ ವರ್ಷಗಳನ್ನು ಓದಿದಳು. ಆಮೇಲೆ ಕಾಗದವನ್ನು ಮಡಿಸಿದಳು.

"ದೊಡ್ಡಮ್ಮ, ಇನ್ನೊಂದ್ಸಲ ಹಾಡ್ತೀರಾ? ಎಲ್ಲಿ ನಿಲ್ಲುತ್ತೋ ಅಲ್ಲಿ ತುಂಬೋಕೆ ಹೋಗ್ಬೇಡಿ. ಹಾಗೇ ಬಿಟ್ಬಿಡಿ." ಬಂದವರ ಕಡೆ ತಿರುಗಿದಳು. "ಅಮ್ಮನ ಬಗ್ಗೆ ನಾನು ಹೇಳೋದು ಅಷ್ಟೇ. ಕೇಳಿ."

ಅವರು ಹಾಡಿದರು. ಅದೇ ಜಾಗದಲ್ಲಿ ಹಾಡು ನಿಂತಿತು. ಕೋಣೆಯಲ್ಲಿ ಯಾರೂ ಅಲುಗಲಿಲ್ಲ, ಕೆಮ್ಮುತ್ತಿದ್ದವರೂ ಕೆಮ್ಮಲಿಲ್ಲ.

"ನಂಗೆ ಬೆನ್ನು ಹಿಡ್ಕೊಂಡಿತ್ತಲ್ಲ, ಆ ವರ್ಷ," ಎಂದ ಲಾಂಡ್ರಿಯ ಮುದುಕ, ತನ್ನ ಕೈಗಳನ್ನೇ ನೋಡುತ್ತ. "ನನ್ನ ಪಾಲಿನ ಬಟ್ಟೆ ಒಂದು ದಿನಾನೂ ಉಳಿದಿರ್ಲಿಲ್ಲ. ನಾನೇ ಮುಗಿಸ್ತಿದೀನಿ ಅಂದ್ಕೊಂಡಿದ್ದೆ."

*

ಎಲ್ಲ ಮುಗಿಸಿಕೊಂಡು ಮನೆಗೆ ಮರಳಿದ ಮೇಲೂ ಜನ ಬರುತ್ತಲೇ ಇದ್ದರು. ಮಗಳು ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಕೈ ಹಿಡಿದು ಮಾತಾಡಿಸುತ್ತಿದ್ದಳು. ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಅವಳಿಗೇ ನೆನಪಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಅಡುಗೆಮನೆಯಿಂದ ಕೋಗಿಲೆ ಬಂದಳು. ಮಗಳನ್ನು ಪಕ್ಕಕ್ಕೆ ಸರಿಸಿ, ಅವಳು ನಿಂತಿದ್ದ ಜಾಗದಲ್ಲಿ ತಾನು ನಿಂತುಕೊಂಡಳು. ಬಾಗಿಲಿಗೆ ಬಂದವರತ್ತ ಒಂದು ಕೈ ಚಾಚಿ, ಇನ್ನೊಂದು ಕೈಯಿಂದ, ಹಿಂದೆ ತಿರುಗದೆಯೇ, ಮುಚ್ಚಳ ಹಾಕಿದ ಬಿಸಿ ಊಟದ ತಟ್ಟೆಯನ್ನು ಅವಳ ಕೈಗಿಟ್ಟಳು.